ಕೊನೆಯ ತಾರಸಿಯ ನೀರು

ಬಾಗಿಲು ಬಡಿದ ಸದ್ದಿಗೆ ಮೊದಲು ಎಚ್ಚೆತ್ತವರು ಅತ್ತೆ. "ಮನೆ ಖಾಲಿ ಮಾಡ್ಸೋರಾದ್ರೆ ಬೆಳಗಾದ್ಮೇಲೆ ಬರೋಕೆ ಹೇಳೇ. ಬೀದಿಗೆ ಹಾಕೋದೂ ಅಲ್ದೆ ನಿದ್ದೇನೂ ಕೆಡಿಸ್ಬೇಕಾ," ಎಂದು ಹೊದಿಕೆಯೊಳಗಿಂದಲೇ ಗೊಣಗಿದರು. ಸೊಸೆ ಚಿಲಕ ಸರಿಸಿದಳು. ಹೊಸ್ತಿಲಾಚೆ ಮೇಸ್ತ್ರಿ ನಿಂತಿದ್ದ. ಹಗಲೆಲ್ಲ ಕಟ್ಟಡದ ಮೇಲಿಂದ ಕೆಳಗಿನವರಿಗೆ ಕೂಗಿ ಕೂಗಿ ಗಂಟಲನ್ನೇ ಕಹಳೆ ಮಾಡಿಕೊಂಡಿದ್ದ ಆ ಮನುಷ್ಯ ಈಗ ಪಿಸುಗುಟ್ಟುತ್ತಿದ್ದ.

"ಚಪ್ಪಲಿ ಮೆಟ್ಕೊಂಡು ಬನ್ನಿ, ಅಕ್ಕ."

ಏನು, ಎತ್ತ ಎಂದು ಕೇಳುವಷ್ಟರಲ್ಲಿ ಅವನು ಬೆನ್ನು ತಿರುಗಿಸಿ ಗಲ್ಲಿಯ ತಿರುವು ದಾಟಿದ್ದ. ಅವಳು ಶಾಲು ಹೊದ್ದು ಹಿಂದೆಯೇ ಓಡಿದಳು.

ಹಗಲು ಹೊತ್ತು ದೊಡ್ಡ ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆಯ ಚಾದರಗಳಿಗೆ ಇಸ್ತ್ರಿ ಹಾಕುವ ಅವಳನ್ನು ಈ ಗಲ್ಲಿಯಲ್ಲಿ ಹೆಸರು ಹಿಡಿದು ಕರೆಯುವವರೇ ಇಲ್ಲ. ಹಿರಿಯರಿಗೂ ಕಿರಿಯರಿಗೂ ಅವಳು ‘ಕಾರ್ಯದರ್ಶಿ’. ಗಲ್ಲಿಯ ನಲವತ್ತು ಮನೆಗಳು ಕೂಡಿ ಕಟ್ಟಿಕೊಂಡ ವಸತಿ ಸಹಕಾರ ಸಂಘದ ಕಾರ್ಯದರ್ಶಿ. ಬಡವರ ದುಡಿಮೆ ಬೇಕು, ಆದರೆ ದುಡಿದವರು ರಾತ್ರಿ ಎಲ್ಲಿ ತಲೆಯಿಡುತ್ತಾರೆಂಬ ಗೊಡವೆ ಬೇಡ ಎನ್ನುವ ನಗರವದು. ಗಲ್ಲಿಯ ಮಾಲೀಕ ಜಾಗವನ್ನು ಮಾರಿಯಾಗಿತ್ತು. ಬೇಸಿಗೆ ಕಳೆಯುವುದರೊಳಗೆ ಎಲ್ಲರೂ ಜಾಗ ಬಿಡಬೇಕಿತ್ತು. ಹೋಗಲು ಇದ್ದದ್ದು ಒಂದೇ ಕಡೆ, ಪಕ್ಕದ ರಸ್ತೆಯಲ್ಲಿ ಎದ್ದು ನಿಂತಿದ್ದ ಹೊಸ ಕಟ್ಟಡ.

ಅದನ್ನು ಎಬ್ಬಿಸಿದ್ದು ನಾಲ್ವರ ಪಾಲುದಾರಿಕೆ. ಒಂದು ಟ್ರಸ್ಟು ಜಾಗ ಕೊಟ್ಟಿತು. ನಗರಸಭೆ ರಸ್ತೆ, ಚರಂಡಿ ಹಾಕಿಕೊಟ್ಟಿತು. ಬಿಲ್ಡರ್ ಲಾಭದ ಮಾತೆತ್ತದೆ ಕಟ್ಟಿದ. ಸಂಘದ ಪಾಲಿಗೆ ಬಂದದ್ದು ಮೈಬೆವರು: ಮಣ್ಣು ಹೊರುವುದು, ಇಟ್ಟಿಗೆ ಇಳಿಸುವುದು, ಎಲ್ಲಕ್ಕಿಂತ ಮುಖ್ಯವಾಗಿ ಹಾಕಿದ ಕಾಂಕ್ರೀಟು ಗಟ್ಟಿಯಾಗಲೆಂದು ದಿನವೂ ಅದಕ್ಕೆ ನೀರುಣಿಸುವುದು. ದಿನಕ್ಕೊಂದು ಮನೆಯ ಪಾಳಿ. ಯಾರೂ ತಮ್ಮ ಪಾಳಿಯನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ; ತಪ್ಪಿದ ಮನೆಯ ಹೆಸರು ಸಂಘದಿಂದ ಹೊರಕ್ಕೆ. ಆ ಕಟ್ಟುಪಾಡನ್ನು ಹಟ ಹಿಡಿದು ಬರೆಸಿದ್ದವಳು ಕಾರ್ಯದರ್ಶಿಯೇ.

ಮೇಸ್ತ್ರಿ ದೀಪವಿಲ್ಲದ ಮೆಟ್ಟಿಲುಗಳನ್ನು ಹತ್ತಿ ಕೊನೆಯ ತಾರಸಿಗೆ ಬಂದು ನಿಂತ. ಟಾರ್ಚನ್ನು ಅವಳ ಕೈಗಿತ್ತು, ಜೇಬಿನಿಂದ ಮೊಳೆಯೊಂದನ್ನು ತೆಗೆದು, ಕುಕ್ಕರಗಾಲಲ್ಲಿ ಕೂತು ನೆಲವನ್ನು ಗೀಚಿದ. ಕಲ್ಲಾಗಿರಬೇಕಿದ್ದ ಕಾಂಕ್ರೀಟು ಹಿಟ್ಟಿನಂತೆ ಎದ್ದು ಬಂತು. ಬೆಳಕನ್ನು ಆಚೀಚೆ ಆಡಿಸಿದಾಗ ಬತ್ತಿದ ಕೆರೆಯ ತಳದಂತೆ ಬಿರುಕುಗಳು ಕಂಡವು.

"ಇದು ನೀರನ್ನೇ ಕುಡಿದಿಲ್ಲ, ಅಕ್ಕ," ಎಂದ ಮೇಸ್ತ್ರಿ. "ಬಿಲ್ಡರ್ ನನ್ನ ಬೇರೆ ಕೆಲಸಕ್ಕೆ ಕಳಿಸಿದ್ರು. ನೀವೆಲ್ಲ ಇದೀರಲ್ಲಾ ಅಂತ ನಂಬಿ ಹೋದೆ. ಈಗ ವಾಪಸ್ ಬಂದು ನೋಡಿದ್ರೆ ಹೀಗೆ."

ಪಾತಿ ಕಟ್ಟಿ ನೀರು ನಿಲ್ಲಿಸಬೇಕಿದ್ದ ಮಣ್ಣಿನ ಬದುಗಳು ಹಾಗೆಯೇ ಇದ್ದವು. ಒಳಗೆ ಮಾತ್ರ ಧೂಳು. ಟ್ಯಾಂಕರ್ ದಿನವೂ ಬಂದು ಕೆಳಗಿನ ತೊಟ್ಟಿ ತುಂಬಿಸಿದ್ದನ್ನು ಕಾರ್ಯದರ್ಶಿ ಬಲ್ಲಳು. ಕೆಲಸಕ್ಕೆ ಹೋಗುವಾಗ ರಸ್ತೆಯಿಂದ ತಲೆಯೆತ್ತಿ ನೋಡಿದರೆ ತಾರಸಿಯ ಅಂಚಿನ ಗೋಣಿಚೀಲಗಳಿಂದ ನೀರು ತೊಟ್ಟಿಕ್ಕುತ್ತಿದ್ದದ್ದನ್ನೂ ಬಲ್ಲಳು. ಅದನ್ನೇ ಹೇಳಿದಳು.

ಮೇಸ್ತ್ರಿ ಅಂಚಿಗೆ ಹೋಗಿ ಗೋಣಿಯೊಂದನ್ನು ಎತ್ತಿ ಹಿಡಿದ. ಅದಿನ್ನೂ ಒದ್ದೆ. "ಇವಷ್ಟೇ ಒದ್ದೆ. ಮಧ್ಯದ್ದೆಲ್ಲ ಒಣಗಿ ಹೋಗಿದೆ. ರಸ್ತೇಲಿ ಹೋಗೋರ ಕಣ್ಣಿಗೆ ಮಣ್ಣೆರಚೋಕೆ ಮಾಡಿರೋ ಕೆಲಸ ಇದು. ಮರೆತು ಆಗಿದ್ದಲ್ಲ. ಯಾರೋ ಬೇಕಂತ್ಲೇ ಮಾಡಿದಾರೆ." ಈ ಜಾಗದ ಮೇಲೆ ಕಣ್ಣಿಟ್ಟಿರುವ ದೊಡ್ಡ ಕಂಪನಿಯೊಂದು ನಿಮ್ಮಲ್ಲೇ ಒಬ್ಬರನ್ನು ಕೊಂಡುಕೊಂಡಿರಬಹುದು ಎಂದೂ ಸೇರಿಸಿದ. ಬೆಳಿಗ್ಗೆ ನಗರಸಭೆಯ ಎಂಜಿನಿಯರು, ಟ್ರಸ್ಟಿನ ಅಧ್ಯಕ್ಷೆ ತಪಾಸಣೆಗೆ ಬರುವವರಿದ್ದರು. ಅವರ ಬಾಯಿಂದ ಕೇಳುವ ಮೊದಲು ಅವಳು ತನ್ನ ಕಣ್ಣಾರೆ ನೋಡಲೆಂದು ಅವನು ಕರೆತಂದಿದ್ದ.

ಮನೆಗೆ ಮರಳಿದವಳು ಮಲಗಲಿಲ್ಲ. ಬೆಳಕು ಹರಿಯುತ್ತಿದ್ದಂತೆ ಅತ್ತೆಗೂ ಗಂಡನಿಗೂ ಎಲ್ಲವನ್ನೂ ಒದರಿದಳು. ನಲವತ್ತು ಮನೆಗಳ ಬಾಯಿಗೆ ಮಣ್ಣು ಹಾಕಿದ ಆ ಕೈ ಸೇದಿಹೋಗಲಿ ಎಂದು ಶಪಿಸಿದಳು. ನಗರದ ಬಸ್ಸು ಓಡಿಸುವ ಗಂಡ ಸಮವಸ್ತ್ರದ ಗುಂಡಿ ಹಾಕುತ್ತಿದ್ದವನು ಹಾಗೆಯೇ ನಿಂತ. ಅತ್ತೆ ಲೋಟ ಕೆಳಗಿಟ್ಟರು.

"ಕಲ್ಲಿಗೆ ಅಷ್ಟೊಂದು ನೀರು ಬೇಕೇನೇ?"

"ಬೇಕು ಅತ್ತೆ. ಇಲ್ದಿದ್ರೆ ಅದು ಕಲ್ಲೇ ಆಗಲ್ಲ."

"ಸರಿ ಬಿಡು. ಬೆಳಿಗ್ಗೆ ಬೆಳಿಗ್ಗೆ ಶಾಪ ಹಾಕ್ಬೇಡ. ಯಾರ ಮನೆ ಬಾಗಿಲಿಗೆ ಹೋಗಿ ನಿಲ್ಲುತ್ತೋ," ಎಂದು ಅತ್ತೆ ಗೋಡೆಯ ಕಡೆ ಮುಖ ಮಾಡಿದರು.

ತಪಾಸಣೆ ಬೇಗನೆ ಮುಗಿಯಿತು. ಎಂಜಿನಿಯರು ಸುತ್ತಿಗೆಯಿಂದ ಅಲ್ಲಲ್ಲಿ ತಟ್ಟಿ, ಟೊಳ್ಳು ಸದ್ದು ಬಂದಲ್ಲೆಲ್ಲ ಸುಣ್ಣದ ಕಡ್ಡಿಯಿಂದ ಗುರುತು ಹಾಕುತ್ತ ಹೋದರು. ಕೊನೆಗೆ ಗುರುತು ಬೀಳದೆ ಉಳಿದ ಜಾಗವೇ ಕಡಿಮೆ. ಇದನ್ನು ಒಡೆದು ಹೊಸದಾಗಿ ಹಾಕದೆ ಇಲ್ಲಿ ಯಾರೂ ವಾಸಿಸಲು ತಾನು ಒಪ್ಪಿಗೆ ಕೊಡುವುದಿಲ್ಲ ಎಂದರು. ಬಿಲ್ಡರ್ ಕಡೆಯವರು ಅರ್ಧ ಹೊರುತ್ತೇವೆಂದರು. ಎಲ್ಲರ ಕಣ್ಣೂ ಟ್ರಸ್ಟಿನ ಅಧ್ಯಕ್ಷೆಯ ಮೇಲೆ. ಆಕೆ ಕೆಟ್ಟವರಲ್ಲ, ಇಡೀ ನಗರವೇ ನಕ್ಕಾಗಲೂ ಈ ಯೋಜನೆಗೆ ಬೆನ್ನಾಗಿ ನಿಂತವರು. ಅದಕ್ಕೇ ಆಕೆಯ ಮಾತು ಹೆಚ್ಚು ಇರಿಯಿತು.

"ಉಳಿದರ್ಧ ನಾವು ಹೊರ್ತೀವಿ. ಆದ್ರೆ ಯಾರನ್ನ ನಂಬಿ ಹೊರೋದು, ಹೇಳಿ? ತಪ್ಪು ಮಾಡಿದ ಮನೆ ಯಾವ್ದು ಅಂತ ಸಂಜೆ ಸಭೇಲಿ ನೀವೇ ಹೇಳ್ಬೇಕು, ನಿಮ್ಮ ಕಟ್ಟುಪಾಡಿನ ಪ್ರಕಾರ ಆ ಮನೆ ಹೊರಗೆ ಹೋಗ್ಬೇಕು. ಹೇಳ್ದಿದ್ರೆ ಜಾಗ ವಾಪಸ್. ನನ್ನ ಮೇಲೂ ಕೇಳೋರಿದಾರೆ."

ಕಾರ್ಯದರ್ಶಿ ಅಂದು ಲಾಂಡ್ರಿಗೆ ಹೋಗಲಿಲ್ಲ. ಮನೆಮನೆ ಹತ್ತಿ ಇಳಿದಳು. ಎಲ್ಲಿ ಹೋದರೂ ಒಂದೇ ರಾಗ: ನಮ್ಮ ಪಾಳಿ ನಾವು ನೆಟ್ಟಗೆ ಮಾಡಿದ್ದೇವೆ, ಪಕ್ಕದವರನ್ನು ಕೇಳಿ. ಅವಳ ಅನುಮಾನ ಮೊದಲಿಂದಲೂ ಒಬ್ಬನ ಮೇಲಿತ್ತು. ಗಲ್ಲಿಯ ಬಾಯಿಗೆ ಕೂತ ಕ್ಷೌರಿಕ. ಕೈಯಲ್ಲೂ ಕತ್ತರಿ, ಬಾಯಲ್ಲೂ ಕತ್ತರಿ ಎಂದು ಜನ ಅವನಿಗೆ ‘ಕತ್ತರಿಯಣ್ಣ’ ಎಂದೇ ಹೆಸರಿಟ್ಟಿದ್ದರು. ಮಗಳ ಹೆರಿಗೆಯ ಕಾರಣ ಹೇಳಿ ಪಾಳಿಯಿಂದ ವಿನಾಯಿತಿ ಕೇಳಿದ್ದ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದು ಅವಳು ನಿರಾಕರಿಸಿದ್ದಳು. ಆ ಸಿಟ್ಟು ಅವನಿಗೆ ಇಲ್ಲದೇ ಇದ್ದೀತೇ?

ಅವನ ಕುರ್ಚಿಯಲ್ಲಿ ಗಿರಾಕಿ ಇರಲಿಲ್ಲ. ಅವಳು ನೇರವಾಗಿ ಕೇಳಿದಳು. ಕತ್ತರಿಯಣ್ಣ ಬಾಚಣಿಗೆಗೆ ಸಿಕ್ಕಿದ್ದ ಕೂದಲು ಬಿಡಿಸಿ ಎಸೆದ.

"ತಂಗಿ, ನಿಂಗೆ ಕೈ ಮುಗೀತೀನಿ. ಯಾರು ಅಂತ ಹುಡುಕ್ಬೇಡ. ಬೇಕಾದ್ರೆ ನನ್ನ ತಲೆ ತಗೊಂಡು ಹೋಗು. ನಾನು ದಿನಾ ಊರೋರ ತಲೆ ಬೋಳಿಸ್ತೀನಿ, ಒಂದ್ಸಲ ನಂದೂ ಹೋಗ್ಲಿ."

ತಪ್ಪಿತಸ್ಥ ಹೀಗೆ ಮಾತಾಡುವುದಿಲ್ಲ ಎಂದು ಅವಳ ಮನಸ್ಸು ಹೇಳಿತು. ಇವನಿಗೆ ಗೊತ್ತಿದೆ, ಇವನು ಯಾರನ್ನೋ ಕಾಪಾಡುತ್ತಿದ್ದಾನೆ. ಆದರೆ ಕಂಪನಿಗೆ ಮಾರಿಕೊಂಡವರನ್ನು ಇವನೇಕೆ ಕಾಪಾಡಬೇಕು?

ಉತ್ತರದ ಮೊದಲ ತುದಿ ಸಿಕ್ಕಿದ್ದು ದರ್ಜಿಯ ಮನೆಯಲ್ಲಿ. ದರ್ಜಿಯ ಹೆಂಡತಿ ಬಾಗಿಲಲ್ಲೇ ಅವಳನ್ನು ತಡೆದು, ಕೇಳುವ ಮೊದಲೇ ಹೇಳಿದಳು: "ನಮ್ಮ ಪಾಳೀನ ನಾವು ಯಾರಿಗೂ ಕೊಟ್ಟಿಲ್ಲಮ್ಮ."

ಪಾಳಿ ಕೊಟ್ಟಿರಾ ಎಂದು ಕೇಳಿದವರು ಯಾರು? ಕಾರ್ಯದರ್ಶಿ ಅವಳನ್ನು ದಾಟಿ ಒಳಗೆ ಕಾಲಿಟ್ಟಳು. ಮೂಲೆಯ ಡ್ರಮ್ಮಿನ ಮುಚ್ಚಳ ಎತ್ತಿದಳು. ಅಂಚಿನವರೆಗೆ ನೀರು. ಗಲ್ಲಿಯ ನಲ್ಲಿ ಬತ್ತಿ ವಾರಗಳೇ ಕಳೆದಿದ್ದವು. ದರ್ಜಿಯ ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದು ಅಳತೊಡಗಿದಳು. ಪಕ್ಕದ ಮನೆಯಲ್ಲೂ ತುಂಬಿದ ಡ್ರಮ್ಮು. ಅದರಾಚೆಯ ಮನೆಯಲ್ಲೂ. ಕತ್ತರಿಯಣ್ಣನ ಮಗಳು ಎಳೆಗೂಸಿನ ಬಟ್ಟೆಗಳನ್ನು ಬಕೆಟ್ಟಿನ ತಿಳಿನೀರಿನಲ್ಲಿ ಅದ್ದಿ ಹಿಂಡುತ್ತಿದ್ದಳು. ಕಾರ್ಯದರ್ಶಿಯನ್ನು ಕಂಡು ಬಕೆಟ್ಟನ್ನು ಹಿಂದಕ್ಕೆ ಸರಿಸಿದಳು.

ಹೆಸರೊಂದನ್ನು ಬಿಟ್ಟು ಉಳಿದದ್ದೆಲ್ಲವನ್ನೂ ಆ ಹೆಂಗಸರು ಬಾಯಿಬಿಟ್ಟರು. ತಾರಸಿ ಕುಡಿಯಬೇಕಿದ್ದ ನೀರನ್ನು ಗಲ್ಲಿ ಕುಡಿದಿತ್ತು. ಯಾವ ಕಂಪನಿಯೂ ಯಾರನ್ನೂ ಕೊಂಡಿರಲಿಲ್ಲ. ಕೂಲಿ ತಪ್ಪೀತೆಂದು ಪಾಳಿ ಬಿಟ್ಟುಕೊಟ್ಟ ಮನೆಗಳಿಂದ ಒಬ್ಬರೇ ಅದನ್ನೆಲ್ಲ ಹೊತ್ತುಕೊಂಡಿದ್ದಾರೆ. ತೊಟ್ಟಿಯ ನೀರನ್ನು ಕಲ್ಲಿಗೆ ಸುರಿಯಲು ಮನಸ್ಸಾಗದೆ ತಳ್ಳುಗಾಡಿಯಲ್ಲಿ ಕ್ಯಾನುಗಳಿಗೆ ತುಂಬಿ ಗಲ್ಲಿಗೆ ಸಾಗಿಸಿದ್ದಾರೆ. ಅಂಚಿನ ಗೋಣಿಗಳನ್ನು ಒದ್ದೆ ಮಾಡಿದ್ದು ಮೋಸಕ್ಕಲ್ಲ. ಒದ್ದೆ ಬಟ್ಟೆ ಸುತ್ತಿದರೆ ಮಡಕೆ ತಂಪಾಗಿರುತ್ತದಲ್ಲ, ಹಾಗೆ ತಾರಸಿಗೂ ಅಷ್ಟು ಸಾಕೆಂದು ನಂಬಿ. ಹನಿ ನೀರಿಗೂ ಸಾಲಿನಲ್ಲಿ ನಿಂತು ಮುದಿಯಾಗುವ ಈ ಗಲ್ಲಿಯವರಲ್ಲದೆ ಇನ್ನಾರು ಇಂಥ ತಪ್ಪು ಮಾಡಿಯಾರು? ಆದರೆ ಮರುಕದಿಂದ ಆದರೂ ತಪ್ಪು ತಪ್ಪೇ. ಹಿಟ್ಟಾದ ಕಾಂಕ್ರೀಟಿಗೆ ಕರುಣೆ ಗೊತ್ತಿಲ್ಲ.

ಅವಳು ಮನೆಗೆ ಬಂದಳು. ಒಳಗೋಡೆಯ ಹಿಂದಿದ್ದ ತನ್ನ ಡ್ರಮ್ಮಿನ ಮುಚ್ಚಳದ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಎತ್ತಲಾರದೆ ನಿಂತಳು. ಕೊನೆಗೂ ಎತ್ತಿದಾಗ ಅವಳ ಮುಖವೇ ಅದರಲ್ಲಿ ಅಲುಗಾಡಿತು. ಲಾಂಡ್ರಿಯ ಬಿಸಿಯಲ್ಲಿ ಬೆಂದು ಬಂದು ದಿನವೂ ಇದೇ ನೀರನ್ನು ಮೈಮೇಲೆ ಸುರಿದುಕೊಂಡಿದ್ದಳು. ಎಲ್ಲಿಂದ ಬಂತೆಂದು ಒಂದು ದಿನ ಕೇಳಿರಲಿಲ್ಲ. ಬಾಡಿಗೆ ಮನೆಯಲ್ಲಿ ಸಿಕ್ಕಿದ್ದನ್ನು ಕೇಳದೆ ಅನುಭವಿಸುವುದು ಅಭ್ಯಾಸವಾಗಿಹೋಗಿತ್ತು.

ಗಂಡ ಬಸ್ಸಿನ ಕೆಲಸ ಮುಗಿಸಿ ಬಂದು ಬೂಟು ಬಿಚ್ಚುತ್ತಿದ್ದ. ಅವನ ಬಸ್ಸು ಹೊಸ ಕಟ್ಟಡದ ಮುಂದೆಯೇ ದಿನಕ್ಕೆ ಹಲವು ಬಾರಿ ಹಾಯುತ್ತದೆ. ಅವನು ಕಾಣದ್ದು ಇರಲು ಸಾಧ್ಯವಿಲ್ಲ.

"ನೀವಾ?" ಎಂದು ಕೇಳಿದಳು.

"ನಾನಲ್ಲ."

"ಹಾಗಾದ್ರೆ ಯಾರು ಅಂತ ಗೊತ್ತು ನಿಮ್ಗೆ."

ಅವನು ಬೂಟಿನ ದಾರವನ್ನೇ ನೋಡುತ್ತ ಹೇಳಿದ: "ಕೇಳ್ಬೇಡ ಮಾರಾಯ್ತಿ. ಕೇಳಿದ್ರೆ ಹೇಳ್ಬೇಕಾಗತ್ತೆ. ಹೇಳಿದ್ರೆ ನೀನು ಸುಮ್ನಿರೋಳಲ್ಲ."

ಸಂಜೆ ಕಟ್ಟಡದ ನೆಲಮಹಡಿಯಲ್ಲಿ, ಬಾಗಿಲುಗಳಿಲ್ಲದ ಗೋಡೆಗಳ ನಡುವೆ, ನಲವತ್ತು ಮನೆಗಳೂ ಕೂಡಿದವು.  ಅಧ್ಯಕ್ಷೆ, ಎಂಜಿನಿಯರು, ಬಿಲ್ಡರ್ ಕಡೆಯವರು ಮುಂದಿನ ಕುರ್ಚಿಗಳಲ್ಲಿ ಕೂತರು. ಕಾರ್ಯದರ್ಶಿ ಎದುರಿಗೆ ನಿಂತು ನಡೆದದ್ದನ್ನು ನಡೆದಂತೆ ಹೇಳಿದಳು: ಗಲ್ಲಿ ಬತ್ತಿದ್ದು, ಪಾಳಿಗಳು ಕೈ ಬದಲಾದದ್ದು, ತೊಟ್ಟಿಯ ನೀರು ಡ್ರಮ್ಮು ಸೇರಿದ್ದು. ಒಂದೊಂದು ಮಾತಿಗೂ ತಲೆಗಳು ತಗ್ಗುತ್ತ ಹೋದವು. ನಾವೆಲ್ಲರೂ ಕುಡಿದಿದ್ದೇವೆ, ನಮ್ಮೆಲ್ಲರ ತಪ್ಪೆಂದು ಬರೆದುಕೊಳ್ಳಿ ಎಂದು ಬೇಡಿದಳು.

ಅಧ್ಯಕ್ಷೆ ಕಣ್ಣೊರೆಸಿಕೊಂಡರು, ಆದರೆ ಆಗದೆಂದು ತಲೆಯಾಡಿಸಿದರು. ಎಲ್ಲರ ತಪ್ಪೆಂದರೆ ಎಲ್ಲರೂ ಹೊರಗೆ ಹೋಗಬೇಕಾಗುತ್ತದೆ. ಟ್ರಸ್ಟಿನ ಉಳಿದವರು ಅದಕ್ಕಾಗಿಯೇ ಕಾದಿದ್ದಾರೆ. ನೀರು ಸಾಗಿಸಿದ ಮನೆ ಒಂದನ್ನು ಹೇಳಿದರೆ ಉಳಿದವನ್ನು ತಾನು ಉಳಿಸಿಕೊಡಬಲ್ಲೆ ಎಂದರು.

ಆಗ ಹಿಂದಿನಿಂದ ಕತ್ತರಿಯಣ್ಣ ಎದ್ದ.

"ನಾನೇ ಮೇಡಂ. ಮಗು ಹುಟ್ಟಿತ್ತು, ಮನೇಲಿ ತೊಟ್ಟು ನೀರಿರ್ಲಿಲ್ಲ. ಮೊದ್ಲು ನಮ್ಮನೆಗೆ ತಂದೆ, ಆಮೇಲೆ ಕೈ ನಿಲ್ಲಲಿಲ್ಲ."

ಅವನ ಮಗಳು ಕೂಸನ್ನು ಎದೆಗವಚಿಕೊಂಡಳು. ತಂದೆಯ ಅಂಗಿ ಹಿಡಿದು ಕೆಳಕ್ಕೆಳೆಯಲು ಕೈ ಚಾಚಿ, ಹಿಂದಕ್ಕೆ ತೆಗೆದುಕೊಂಡಳು. ಹೆಂಗಸರೆಲ್ಲ ನೆಲ ನೋಡಿದರು. ಬಿಲ್ಡರ್ ಕಡೆಯವನು ಪೆನ್ನು ತೆಗೆದ.

ಸುಮ್ಮನಿದ್ದರೆ ಸಾಕಿತ್ತು. ಒಂದು ಉಸಿರು ಹಿಡಿದು ನಿಂತರೆ ಮುಗಿಯಿತು. ಅವಳ ಮನೆಗೆ ಬಾಗಿಲು, ಕಿಟಕಿ, ತನ್ನದೇ ನಲ್ಲಿ. ಕತ್ತರಿಯಣ್ಣನ ಕೂಸಿಗೆ ಬೀದಿ. ಅವಳು ಸಾಲುಗಳ ಮೇಲೆ ಕಣ್ಣು ಹಾಯಿಸಿದಳು. ನಡುವಿನ ಸಾಲಿನಲ್ಲಿ ಒಬ್ಬರು ಎರಡೂ ಕೈಗಳನ್ನು ನೆಲಕ್ಕೂರಿ ಏಳಲು ಹವಣಿಸುತ್ತಿದ್ದರು. ಪಕ್ಕದಲ್ಲಿ ಕೂತ ಅವಳ ಗಂಡ ಆ ಭುಜವನ್ನು ಒತ್ತಿ ಹಿಡಿದಿದ್ದ. ಅವನ ಕಣ್ಣು ಹೆಂಡತಿಯ ಮೇಲಿತ್ತು. ಮದುವೆಯಾದಾಗಿನಿಂದ ಅವನು ಅವಳನ್ನು ಯಾವುದಕ್ಕೂ ಹೀಗೆ ಬೇಡಿರಲಿಲ್ಲ.

ಅವಳು ಅಧ್ಯಕ್ಷೆಯ ಕಡೆ ತಿರುಗಿದಳು. 

"ಕತ್ತರಿಯಣ್ಣ ಸುಳ್ಳು ಹೇಳ್ತಿದಾನೆ, ಮೇಡಂ. ನಮ್ಮನೆ ಹೆಸರು ಹೊಡೆದು ಹಾಕಿ. ನೀರು ಸಾಗಿಸಿದ್ದು ನಮ್ಮತ್ತೆ."