ನಲವತ್ಮೂರು ಫೇಲು

ಅತ್ತಿಗೆಗೆ ಆಫೀಸಿನಲ್ಲಿ ‘ಪರೀಕ್ಷೆ ಮೇಡಂ’ ಎಂದೇ ಹೆಸರು. ಅಲ್ಲಿ ತಯಾರಾಗುವ ಆಪರೇಟಿಂಗ್ ಸಿಸ್ಟಂ ಅವಳ ಪರೀಕ್ಷೆ ಪಾಸಾಗದೆ ಹೊಸ್ತಿಲು ದಾಟುವಂತಿರಲಿಲ್ಲ. ಹನ್ನೊಂದು ವರ್ಷ ಅವಳು ಆಡಿದ್ದೇ ಮಾತು. ಕೊಂಬು ಬಾರದೆ ಇದ್ದೀತೇ? ಗಂಡನ ತಮ್ಮ ಅದೇ ಆಫೀಸು ಸೇರಿ ಐದು ತಿಂಗಳಾಗಿತ್ತು. ಫೈಲುಗಳನ್ನು ಡಿಸ್ಕಿಗೆ ಬರೆಯುವ ಭಾಗ ಅವನದು. ಆರನೆಯ ತಿಂಗಳಿಗೆ ಅವನ ಕೆಲಸ ಕಾಯಂ ಆಗಬೇಕಿತ್ತು.

ಹೊಸ ಯಂತ್ರ ಬಂತು. ಪರೀಕ್ಷೆ ಓಡಿಸಿದರೆ ನಲವತ್ಮೂರು ಫೇಲು, ಅಷ್ಟೂ ಮೈದುನನ ಭಾಗದಲ್ಲೇ.

ಸೋಮವಾರದ ಮೀಟಿಂಗಿನಲ್ಲಿ ಅವನು ಮೆಲ್ಲಗೆ ಕೇಳಿದ: “ಅತ್ತಿಗೆ, ನನ್ನ ಯಂತ್ರದಲ್ಲಿ ಎಲ್ಲಾ ಪಾಸಾಗ್ತಿದೆ. ಪರೀಕ್ಷೆ ಓಡಿಸೋ ನಿಮ್ಮ ಸ್ಕ್ರಿಪ್ಟ್ ಒಂದ್ಸಲ ನೋಡ್ತೀರಾ?”

“ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ!” ಎಂದಳು ಅತ್ತಿಗೆ, ಎಲ್ಲರ ಎದುರಿಗೆ. “ನನ್ನ ಸ್ಕ್ರಿಪ್ಟು ನೀನು ಕಾಲೇಜಲ್ಲಿದ್ದಾಗಿಂದ ಓಡ್ತಿದೆ ಕಣೋ. ತಪ್ಪು ಹುಡುಕು, ಹೋಗು.”

ಎಲ್ಲರೂ ನಕ್ಕರು. ಅವನೂ ನಕ್ಕ, ಪಾಪ. ಕೆಲಸ ಕಾಯಂ ಮಾಡುವ ಮಾತು ಶುಕ್ರವಾರ ನೋಡೋಣ ಎಂದರು ಮ್ಯಾನೇಜರು.

ಆಮೇಲೆ ಮೂರು ದಿನ ಅವನು ಮನೆಯಲ್ಲಿ ತಲೆ ಎತ್ತಿ ಊಟ ಮಾಡಲಿಲ್ಲ. “ಇನ್ನೊಂಚೂರು ಹಾಕಲೇನೋ?” ಎಂದರೆ, “ಸಾಕು ಅತ್ತಿಗೆ.” ಮುನಿಸಿರಬೇಕು, ಬುದ್ಧಿ ಬರಲಿ ಎಂದುಕೊಂಡಳು.

ಶುಕ್ರವಾರ ಬೆಳಿಗ್ಗೆ ವರದಿ ಬರೆಯಲು ಕೂತಾಗ ಒಂದು ವಿಷಯ ಕಣ್ಣಿಗೆ ಬಿತ್ತು. ನಲವತ್ಮೂರು ಪರೀಕ್ಷೆಗಳೂ ಒಂದೇ ಸೆಕೆಂಡಿನಲ್ಲಿ ಮುಗಿದಿದ್ದವು. ಡಿಸ್ಕಿಗೆ ಬರೆದು, ಮತ್ತೆ ಓದಿ ನೋಡುವ ಕೆಲಸ ಅಷ್ಟು ಬೇಗ ಮುಗಿಯುವುದುಂಟೇ?

ಸ್ಕ್ರಿಪ್ಟ್ ತೆರೆದಳು. ತಪ್ಪು ಸಂದೇಶಗಳು ಬಂದರೆ ವರದಿ ಅಸಹ್ಯವಾಗುತ್ತದೆಂದು ಅವನ್ನೆಲ್ಲ ಅಡಗಿಸುವ ಒಂದು ಸಾಲನ್ನು ಅವಳೇ ಯಾವತ್ತೋ ಹಾಕಿದ್ದಳು. ಅದನ್ನು ತೆಗೆದು ಮತ್ತೆ ಓಡಿಸಿದಳು. ಪರದೆ ತುಂಬ ಒಂದೇ ದೂರು: ‘ಈ ಆಜ್ಞೆ ಗೊತ್ತಿಲ್ಲ.’

ನಾವು ಬರೆದ ಆಜ್ಞೆಗಳನ್ನು ಓದಿ ನಡೆಸುವ ಪ್ರೋಗ್ರಾಮಿಗೆ ಶೆಲ್ ಎನ್ನುತ್ತಾರೆ. ಮೈದುನನದೂ ಸೇರಿ ಹಳೆಯ ಯಂತ್ರಗಳ ಶೆಲ್ ಧಾರಾಳಿ. ಡಿಸ್ಕಿನ ಪರೀಕ್ಷೆಗಳಲ್ಲಿ ಅತ್ತಿಗೆ ರೂಢಿಯಿಂದ ಬರೆದಿದ್ದ ಜೋಡಿ ಚೌಕ ಆವರಣ, ಅಂದರೆ [[ ]], ಅದಕ್ಕೆ ಗೊತ್ತು. ಹೊಸ ಯಂತ್ರದ್ದು ಪುಟ್ಟ, ಕಟ್ಟುನಿಟ್ಟಿನ ಶೆಲ್, ಅದಕ್ಕೆ ಗೊತ್ತಿಲ್ಲ. ಮೊದಲ ಸಾಲಲ್ಲೇ ಮುಗ್ಗರಿಸಿ ‘ಫೇಲು’ ಎಂದು ಬರೆದು ಕೈತೊಳೆದುಕೊಳ್ಳುತ್ತಿತ್ತು. ಮೈದುನನ ಕೋಡು ಒಂದು ಸಾಲೂ ಓಡಿರಲಿಲ್ಲ. ತನ್ನ ತಟ್ಟೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದ ತಟ್ಟೆಯ ನೊಣ ಹುಡುಕಿದ್ದಳು ಮಹಾತಾಯಿ!

ಆವರಣ ಸರಿಮಾಡಿ ಓಡಿಸಿದಳು. ನಲವತ್ತು ಪಾಸು, ಮೂರು ಫೇಲು. ‘ಸದ್ಯ, ಮೂರಾದರೂ ಅವನದೇ’ ಎಂದು ಹಿಗ್ಗಿತು ಮನಸ್ಸು. ಹೌದು, ಹಿಗ್ಗಿತು, ಮನುಷ್ಯರ ಮನಸ್ಸೇ ಅಷ್ಟು. ಆ ಮೂರನ್ನು ಬಗೆದು ನೋಡಿದಳು. ಸೋಮವಾರದವರೆಗೆ ಸರಿಯಾಗಿದ್ದ ಕೋಡನ್ನು ಅವನು ಈ ಮೂರು ದಿನದಲ್ಲಿ ತಿದ್ದಿ ತಿದ್ದಿ ಕೆಡಿಸಿದ್ದ. ಪಕ್ಕದಲ್ಲಿ ಟಿಪ್ಪಣಿ: ‘ಅತ್ತಿಗೆ ಹೇಳಿದ ತಪ್ಪು ಇಲ್ಲಿರಬಹುದು.’ ಕೆಳಗೆ: ‘ಇಲ್ಲ. ಬಹುಶಃ ಇಲ್ಲಿ.’

ನೆಲ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದಳು. ಬಿಡಲಿಲ್ಲ. ಎದ್ದು ಮ್ಯಾನೇಜರ ಮೇಜಿನ ಬಳಿ ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದಳು: “ತಪ್ಪು ನಂದು. ಅವನ ಕೋಡು ಸರಿಯಾಗಿತ್ತು. ಅವತ್ತು ಅವನು ಕೇಳಿದಾಗ್ಲೇ ನಾನು ನೋಡ್ಬೇಕಿತ್ತು.”

“ಅಯ್ಯೋ ಬಿಡೀಮ್ಮಾ, ಎರಡು ಆವರಣ ತಾನೆ!” ಎಂದು ಮ್ಯಾನೇಜರು ನಕ್ಕರು. ಕೆಲಸ ಕಾಯಂ ಮಾಡುವ ಕಾಗದಕ್ಕೆ ಅಲ್ಲೇ ಸಹಿ ಹಾಕಿದರು.

ಅವಳು ಕಾಗದ ಹಿಡಿದು ಮೈದುನನ ಕುರ್ಚಿಯ ಹತ್ತಿರ ಹೋದಳು. ಅವನು ಪರದೆಯಿಂದ ಕಣ್ಣು ಕೀಳಲಿಲ್ಲ.

“ಕೇಳಿಸ್ತೇನೋ? ನಿಂದೇನೂ ತಪ್ಪಿಲ್ಲ ಕಣೋ. ನನ್ನನ್ನ ಕ್ಷಮಿಸು.”

“ಹಾಗನ್ಬೇಡಿ ಅತ್ತಿಗೆ,” ಎಂದ ಅವನು, ಕಾಗದ ಮುಟ್ಟದೆ. “ಇನ್ನೊಂದ್ಸಲ ಸರಿಯಾಗಿ ನೋಡಿ. ನಂದೇ ಇರುತ್ತೆ.”