ಜಗಳದ ಬಾಯಿಗೆ ಹಲ್ಲು

ಹಲ್ಲು ಕಟ್ಟಿಸಿಕೊಂಡ ದಿನವೇ ಮಗಳ ಮನೆಗೆ ಹೊರಟುಬಿಡುತ್ತೇನೆ ಎಂದು ಅತ್ತೆ ಹೇಳಿದಾಗ ಸೊಸೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅದನ್ನು ಮುಖದ ಮೇಲೆ ತೋರಿಸುವಷ್ಟು ದಡ್ಡಿ ಅವಳಲ್ಲ. "ನಿಮ್ಮಿಷ್ಟ" ಎಂದಷ್ಟೇ ಹೇಳಿ ಪಾತ್ರೆ ಉಜ್ಜತೊಡಗಿದಳು. ಅಂದು ಪಾತ್ರೆಗಳು ಮಾತ್ರ ಎಂದಿಗಿಂತ ಹೆಚ್ಚು ಹೊಳೆದವು.

"ಬೊಚ್ಚುಬಾಯಿ ಇಟ್ಕೊಂಡು ಹೋದ್ರೆ ಬೀಗರು ನಗಲ್ವಾ? ಅದಕ್ಕೇ ಕಾಯ್ತಿದೀನಿ. ಇಲ್ದಿದ್ರೆ ನಿನ್ನ ಮುಖ ನೋಡ್ಕೊಂಡು ಇರೋ ಕರ್ಮ ನನಗ್ಯಾಕೆ?" ಎಂದರು ಅತ್ತೆ.

"ನನಗೂ ನಿಮ್ಮ ಮುಖ ನೋಡೋ ಹರಕೆ ಏನಿಲ್ಲ."

ಇದು ಆ ಮನೆಯ ಬೆಳಗಿನ ಕುಶಲೋಪರಿ. ಎರಡು ಕೋಣೆ, ಒಂದು ಅಡುಗೆಮನೆ, ಎಣ್ಣೆ ಸೀಗೆಕಾಯಿಯಂಥ ಇಬ್ಬರು ಹೆಂಗಸರು. ಇಬ್ಬರ ನಡುವೆ ಒಬ್ಬ ಇದ್ದ. ಅತ್ತೆಗೆ ಮಗ, ಇವಳಿಗೆ ಗಂಡ. ಒಂದೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ ಎದೆನೋವು ಎಂದ. ಗ್ಯಾಸ್ ಇರಬೇಕು ಎಂದಳು ಇವಳು. ಬಿಸಿನೀರು ಕುಡಿ ಎಂದರು ಅತ್ತೆ. ಕುಡಿದ, ಮಲಗಿದ, ಏಳಲಿಲ್ಲ. ಅಂದಿನಿಂದ ಅತ್ತೆಯ ಪಾಲಿಗೆ ಗ್ಯಾಸ್ ಎಂಬ ಮಾತೇ ಅವನನ್ನು ಕೊಂದಿತ್ತು, ಸೊಸೆಯ ಪಾಲಿಗೆ ಬಿಸಿನೀರು. ಉಪ್ಪು ಜಾಸ್ತಿಯಾದದ್ದಕ್ಕೆ ಶುರುವಾದ ಜಗಳವೂ ಕೊನೆಗೆ ಅಲ್ಲಿಗೇ ಹೋಗಿ ನಿಲ್ಲುತ್ತಿತ್ತು. ದೇವರ ಮೇಲೂ ಸೊಸೆಗೆ ಸಿಟ್ಟು. ಅವನ ಜೊತೆ ಅಂದೇ ಮಾತು ಬಿಟ್ಟಿದ್ದಳು.

ಹಲ್ಲು ಮಾಡುವುದು ಸೊಸೆಯ ಕಸುಬು. ಕ್ಲಿನಿಕ್ಕಿನ ಮುಂದಿನ ಕೋಣೆಯಲ್ಲಿ ಡಾಕ್ಟರು ಹಲ್ಲು ಕೀಳುತ್ತಿದ್ದರು, ಹಿಂದಿನ ಕೋಣೆಯಲ್ಲಿ ಇವಳು ಹಲ್ಲು ಮಾಡುತ್ತಿದ್ದಳು. ಪ್ಲಾಸ್ಟರಿನ ಧೂಳು, ಕಾದ ಮೇಣದ ವಾಸನೆ, ಸಾಲಾಗಿ ಕೂತ ಪರರ ದವಡೆಗಳು. ಹದಿನಾಲ್ಕು ವರ್ಷದಲ್ಲಿ ಅವಳು ಮಾಡಿದ ಹಲ್ಲು ಸರಿಯಿಲ್ಲ ಎಂದು ವಾಪಸ್ಸು ಬಂದದ್ದು ಬೆರಳೆಣಿಕೆಯಷ್ಟು. ಹಾಗಾಗಿ ಅತ್ತೆಯ ಹಲ್ಲು ಎರಡು ವಾರದ ಕೆಲಸ ಎಂದು ಅವಳು ಲೆಕ್ಕ ಹಾಕಿದ್ದರಲ್ಲಿ ತಪ್ಪೇನಿರಲಿಲ್ಲ.

ಒಸಡಿನ ಅಚ್ಚನ್ನು ಡಾಕ್ಟರು ಹೇಗೋ ತೆಗೆದರು. ಆಮೇಲೆ ಅತ್ತೆ, "ಪರಗಂಡಸಿನ ಬೆರಳು ಇನ್ನೊಂದ್ಸಲ ನನ್ನ ಬಾಯಿಗೆ ಬಂದ್ರೆ ಒಸಡಲ್ಲೇ ಕಚ್ತೀನಿ" ಎಂದು ಎದ್ದು ಬಂದುಬಿಟ್ಟರು. ಉಳಿದದ್ದು ಕಡಿತದ ಅಳತೆ. ಹಲ್ಲಿರಬೇಕಾದ ಜಾಗದಲ್ಲಿ ಮೇಣದ ದಿಂಡು ಕೂರಿಸಿ, ದವಡೆ ಸಡಿಲ ಬಿಟ್ಟು ಬಾಯಿ ಮುಚ್ಚಿಸಿ, ಮೇಲಿನದು ಕೆಳಗಿನದು ಎಲ್ಲಿ ಸೇರುತ್ತದೆಂದು ಗುರುತು ಹಾಕಬೇಕು. ಅದನ್ನು ನೀವೇ ಮನೆಯಲ್ಲಿ ತಗೊಳ್ಳಿ ತಾಯಿ, ಎಂದು ಡಾಕ್ಟರು ಕೈಮುಗಿದರು.

ಅಡುಗೆಮನೆಯ ಕುರ್ಚಿಯ ಮೇಲೆ ಅತ್ತೆಯನ್ನು ಕೂರಿಸಿ ಸೊಸೆ ಮೇಣವನ್ನು ಬಾಯಿಗಿಟ್ಟಳು. ಬಾಯ್ತುಂಬ ಮೇಣವಿದ್ದರೂ ಅತ್ತೆ ಬೈಯುವುದನ್ನು ನಿಲ್ಲಿಸಲಿಲ್ಲ. ಅಕ್ಷರ ಒಂದೂ ತಿಳಿಯುತ್ತಿರಲಿಲ್ಲ, ಅರ್ಥ ಮಾತ್ರ ಪೂರ್ತಿ ತಿಳಿಯುತ್ತಿತ್ತು. ರೋಸಿಹೋಗಿ ಅವಳು ದವಡೆ ಸಿಕ್ಕಿದ ಕಡೆ ಗುರುತು ಹಾಕಿ, ಹಗಲೆಲ್ಲ ಕೂತು, ಬೇರೆಯವರ ಕೆಲಸ ಪಕ್ಕಕ್ಕಿಟ್ಟು, ಒಂಬತ್ತೇ ದಿನದಲ್ಲಿ ಸೆಟ್ ಮುಗಿಸಿದಳು.

ಹಾಕಿ ನೋಡಿದರೆ ಮೇಲಿನ ಹಲ್ಲು ಒಂದು ಊರು, ಕೆಳಗಿನ ಹಲ್ಲು ಇನ್ನೊಂದು ಊರು.

"ಇದೇನೇ ಇದು? ಊರಿಗೆಲ್ಲ ಹಲ್ಲು ಮಾಡ್ತೀನಿ ಅಂತ ಮೆರೀತೀಯ! ಗಂಡನ್ನ ಉಳಿಸ್ಕೊಳ್ಳೋಕೆ ಬರ್ಲಿಲ್ಲ, ಹಲ್ಲಾದ್ರೂ..." ಎಂದು ಅತ್ತೆ ದವಡೆ ಮುಂದೆ ಚಾಚಿ ಎಗರಿದರು. ಆ ಕ್ಷಣಕ್ಕೆ ಮೂವತ್ತೆರಡಕ್ಕೆ ನಾಲ್ಕು ಕಮ್ಮಿ ಹಲ್ಲುಗಳೂ ಟಕ್ಕೆಂದು ಒಂದಕ್ಕೊಂದು ಕೂತವು. ಬೈಗುಳ ನಿಂತಿತು, ಹಲ್ಲು ಮತ್ತೆ ಜಾರಿತು.

ಆ ಮಾತು ಎದೆಗೆ ಚುಚ್ಚಿದರೂ ಸೊಸೆಯ ಕಣ್ಣು ಹಲ್ಲಿನ ಮೇಲೇ ಇತ್ತು. ಮರುದಿನ ಡಾಕ್ಟರಿಗೆ ಹೇಳಿದಾಗ ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ನೀವು ನಿಮ್ಮತ್ತೆಯ ಜಗಳದ ಬಾಯಿಗೆ ಹಲ್ಲು ಮಾಡಿದೀರಿ. ಬೈಯುವಾಗ ಸರಿ, ಊಟಕ್ಕೆ ಆಗಲ್ಲ. ಅವರ ಮನಸ್ಸು ಸಮಾಧಾನದಲ್ಲಿರುವಾಗ ಅಳತೆ ತಗೊಳ್ಳಿ."

"ಆ ಮುಹೂರ್ತ ಯಾವ ಪಂಚಾಂಗದಲ್ಲೂ ಇಲ್ಲ ಡಾಕ್ಟ್ರೇ" ಎಂದಳು ಅವಳು. ನಗು ಅವಳಿಗೆ ಬರಲಿಲ್ಲ.

ಎರಡನೇ ಸಲ ಅತ್ತೆಗೆ ಇಷ್ಟದ ಧಾರಾವಾಹಿ ಹಾಕಿ ಕೂರಿಸಿದಳು. ಅತ್ತೆ ಅದರಲ್ಲಿದ್ದ ಸೊಸೆಯನ್ನು ಕಂಡು ಹಲ್ಲಿಲ್ಲದೆಯೇ ಹಲ್ಲು ಕಡಿದರು. ಮೂರನೇ ಸಲ ನಿದ್ದೆ ಹತ್ತುವ ಮಧ್ಯಾಹ್ನವನ್ನೇ ಕಾದಳು. ಗಲ್ಲಕ್ಕೆ ಬೆರಳು ತಾಗಿದ್ದೇ ತಡ ದವಡೆ ಬೀಗ ಹಾಕಿದಂತೆ ಬಿಗಿಯಿತು. ಅವಳ ಕೈ ಎಂದರೆ ಆ ಮೈಗೇ ಆಗುತ್ತಿರಲಿಲ್ಲ. ಎರಡು ಸೆಟ್ ಮೇಣ ಹಾಳಾಯಿತು, ಎರಡು ತಿಂಗಳು ಕಳೆಯಿತು. ಅತ್ತೆ ಗಂಜಿ ಕುಡಿದು ಸೊರಗಿದರು, ನಾಲಿಗೆ ಮಾತ್ರ ಸೊರಗಲಿಲ್ಲ.

ಒಂದು ಸಂಜೆ ಬಸ್ಸಿಗೆ ಕಾಯುತ್ತ ನಿಂತಾಗ ಸೊಸೆಯ ಬಾಯಿಂದ ತಾನಾಗಿಯೇ ಹೊರಬಂತು: "ದೇವರೇ, ಆ ಹಲ್ಲೊಂದು ಕೂತುಬಿಡಲಿ. ಆ ಹೆಂಗಸು ಹೊರಟುಹೋಗಲಿ. ನಿನ್ನನ್ನ ಇನ್ನೇನೂ ಕೇಳಲ್ಲ." ಒಂದೂವರೆ ವರ್ಷದ ಮೇಲೆ ಮಾತಾಡಿಸಿದ್ದು, ಅದೂ ಇಂಥ ಕೆಲಸಕ್ಕೆ. ಅವಳಿಗೇ ನಾಚಿಕೆಯಾಯಿತು. ಆದರೂ ಕೇಳಿದ್ದನ್ನು ವಾಪಸ್ಸು ತೆಗೆದುಕೊಳ್ಳಲಿಲ್ಲ.

ಮಾರನೇ ದಿನ ಬೆಳಗ್ಗೆ ಹಾಲಿನ ಪಾತ್ರೆ ಹಿಡಿದು ಹೋಗುತ್ತಿದ್ದವಳು ಅತ್ತೆಯ ಕೋಣೆಯ ಮುಂದೆ ನಿಂತಳು. ಬಾಗಿಲು ಓರೆಯಾಗಿತ್ತು. ಅತ್ತೆ ಮಂಚದ ಮೇಲೆ ಕೂತು, ಕೈ ಮಡಿಲಲ್ಲಿಟ್ಟು, ಕಣ್ಣು ಮುಚ್ಚಿ, ಪಕ್ಕದಲ್ಲೇ ಕೂತವರ ಜೊತೆ ಮಾತಾಡುವ ಹಾಗೆ ಮಾತಾಡುತ್ತಿದ್ದರು.

"ಇನ್ನೊಂದ್ಸಲನೂ ಹಾಳು ಮಾಡು ದೇವರೇ. ಈ ಹಲ್ಲು ಕೂರೋದು ಬೇಡ ನನಗೆ. ಸಿಟ್ಟಲ್ಲಿ ಹೋಗ್ತೀನಿ ಅಂದ್ಬಿಟ್ಟೆ, ಈಗ ಮಾತು ಹಿಂದಕ್ಕೆ ತಗೊಳ್ಳೋಕೆ ಆಗುತ್ತಾ, ನೀನೇ ಹೇಳು. ಮಗಳ ಮನೇಲಿ ನಿನ್ನದೇನೂ ತಪ್ಪಿಲ್ಲ ಅಮ್ಮ ಅಂತ ತಲೆ ಸವರ್ತಾರೆ. ಮೈಯೆಲ್ಲ ಉರಿಯುತ್ತೆ. ಬಿಸಿನೀರು ಕುಡಿ ಅಂದವಳು ನಾನೇ ಅಲ್ವಾ? ಅದನ್ನ ಮುಖಕ್ಕೆ ಹೇಳೋಳು ಈ ಮಾರಿ ಒಬ್ಬಳೇ. ಅವನು ಸತ್ತಿದ್ದು ಇವಳಿಗೂ ನನ್ನಷ್ಟೇ ಸುಡ್ತಾ ಇದೆ, ಅದಕ್ಕೇ ಬೈತಾಳೆ. ನನ್ನನ್ನ ಇಲ್ಲೇ ಬಿಡು."

ಸೊಸೆಗೆ ಮೊದಲು ಬಂದದ್ದು ಕೋಪ. ಎರಡು ತಿಂಗಳಿಂದ ತಾನು ಬೆರಳು ಸುಟ್ಟುಕೊಂಡು ಮೇಣ ಕಾಯಿಸುತ್ತಿದ್ದರೆ ಈಕೆ ದಿನಾ ಬೆಳಗ್ಗೆ ಮೇಲಿನ ಆಫೀಸಿಗೆ ತಡೆ ಅರ್ಜಿ ಹಾಕುತ್ತಿದ್ದಾರೆ! ಮರುಗಳಿಗೆ ತನ್ನ ಬಸ್ ನಿಲ್ದಾಣದ ಅರ್ಜಿ ನೆನಪಾಯಿತು. ಒಂದೇ ಮನೆ, ಒಂದೇ ದೇವರು, ಒಂದೇ ಸೆಟ್ ಹಲ್ಲು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂಥ ಈ ಇಬ್ಬರಲ್ಲಿ ಆ ಬಡಪಾಯಿ ಯಾರದನ್ನು ಕೇಳಿಯಾನು? ಅವಳಿಗೆ ನಗು ಉಕ್ಕಿ ಬಂತು. ತಡೆಯಲು ಹೋಗಿ ಹಾಲು ನೆಲಕ್ಕೆ ಚೆಲ್ಲಿತು. ನಗುತ್ತಲೇ ಅಳುವೂ ಬಂತು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ ಅವಳಿಗೆ ನೆನಪಿರಲಿಲ್ಲ. ದೇವರು ಕೇಳಿಸಿಕೊಳ್ಳುತ್ತಾನೆ ಎಂದೂ ಅವಳಿಗೆ ಆಗಲೇ ಅನಿಸಿದ್ದು. ಕೇಳಿಸಿಕೊಳ್ಳದವನಾಗಿದ್ದರೆ ಬಾಗಿಲು ಓರೆ ಇರುವ ಹೊತ್ತಿಗೇ ತನ್ನನ್ನು ಹಾಲು ಹಿಡಿಸಿ ಇಲ್ಲಿ ನಿಲ್ಲಿಸುತ್ತಿದ್ದನೇ?

ಕಣ್ಣೊರೆಸಿಕೊಂಡು ಮತ್ತೆ ಇಣುಕಿದಳು. ಕಸುಬಿನವಳ ಕಣ್ಣು ಸುಮ್ಮನಿರಲಿಲ್ಲ. ಪ್ರಾರ್ಥನೆ ಮುಗಿಸಿ ಸುಮ್ಮನೆ ಕೂತಿದ್ದ ಅತ್ತೆಯ ಗಲ್ಲ ತುಸು ಹಿಂದಕ್ಕೆ ಸರಿದು, ಸಡಿಲವಾಗಿ, ಇರಬೇಕಾದ ಜಾಗದಲ್ಲಿ ಇತ್ತು.

ಅತ್ತೆಯನ್ನು ಉಳಿಸಿಕೊಳ್ಳಲು ಬೇಕೆಂದೇ ಹಲ್ಲು ಕೆಡಿಸಬಹುದಿತ್ತು. ಅದು ಅವಳಿಂದಾಗಲಿಲ್ಲ. ಜಗಳ ಬೇರೆ, ಹಸಿವು ಬೇರೆ. ಮೂರು ದಿನ ಬಿಟ್ಟು ಮೇಣ ಹಿಡಿದು ಅದೇ ಹೊತ್ತಿಗೆ ಹೋದಳು.

"ಬೆಳಬೆಳಗ್ಗೆ ಬಂದ್ಯಾ ಪೀಡೆ?"

"ನೀವು ನಿಮ್ಮ ಪ್ರಾರ್ಥನೆ ಮಾಡ್ಕೊಳ್ಳಿ ಅತ್ತೆ. ಮನಸ್ಸಲ್ಲೇ. ನಾನು ಗಲ್ಲ ಮುಟ್ಟಲ್ಲ."

ಅತ್ತೆ ಅವಳನ್ನು ಅನುಮಾನದಿಂದ ನೋಡಿ, ಮೇಣವನ್ನು ತಾವೇ ಬಾಯಿಗಿಟ್ಟುಕೊಂಡು ಕಣ್ಣು ಮುಚ್ಚಿದರು. ಏನು ಕೇಳಿಕೊಂಡರೆಂದು ಅವಳಿಗೆ ಗೊತ್ತಿತ್ತು. ದವಡೆ ಮೆಲ್ಲಗೆ ತನ್ನ ಜಾಗಕ್ಕೆ ಬಂತು, ಅವಳು ಗುರುತು ಹಾಕಿದಳು.

ಈ ಸಲ ಹಲ್ಲು ಕೂತಿತು. ಅತ್ತೆ ಬಾಯಿ ಮುಚ್ಚಿದರು, ತೆರೆದರು, ಒಂದು ಸೇಬಿನ ಹೋಳು ಕಚ್ಚಿದರು. ಕರಕ್ಕೆಂದಿತು. ಅತ್ತೆಯ ಮುಖ ಇಳಿದುಹೋಯಿತು. ಒಂದು ಮಾತೂ ಆಡದೆ ಎದ್ದು ಹೋಗಿ, ಸ್ಟೂಲು ಹತ್ತಿ ಅಟ್ಟದಿಂದ ಪೆಟ್ಟಿಗೆ ಎಳೆದು ಬಟ್ಟೆ ತುಂಬತೊಡಗಿದರು. ಬೈದಿದ್ದರೆ ಸೊಸೆ ತಡೆದುಕೊಳ್ಳುತ್ತಿದ್ದಳು. ಆ ಮೌನ ತಡೆಯಲಾಗಲಿಲ್ಲ.

"ಎಲ್ಲಿಗೆ ಹೊರಟ್ರಿ? ಹೊಸ ಹಲ್ಲು ಅದು. ಒತ್ತಿದ ಕಡೆ ಉಜ್ಜಿ ಸರಿ ಮಾಡ್ತಾ ಇರ್ಬೇಕು. ಮಾಡಿದವರ ಹತ್ರಾನೇ ಇರ್ಬೇಕು."

ಅತ್ತೆಯ ಕೈ ನಿಂತಿತು. "ಎಷ್ಟು ದಿನ?"

"ಹಲ್ಲು ಹೋದ ಮೇಲೆ ಒಸಡು ಕುಗ್ತಾನೇ ಇರುತ್ತೆ ಅತ್ತೆ. ಬದುಕಿರೋವರೆಗೂ."

ಅದು ಸುಳ್ಳಲ್ಲ, ಆ ಕಸುಬಿನವರಿಗೆಲ್ಲ ಗೊತ್ತಿರುವ ನಿಜ. ಅತ್ತೆ ಅವಳ ಮುಖವನ್ನೇ ದಿಟ್ಟಿಸಿದರು. ಬಾಗಿಲು, ಚೆಲ್ಲಿದ ಹಾಲು, ಎಲ್ಲ ಅವರಿಗೆ ಹೊಳೆಯಿತೋ ಏನೋ. ಹೊಳೆದಿದ್ದರೂ ಅದನ್ನು ಒಪ್ಪಿಕೊಳ್ಳುವ ಜಾತಿಯವರಲ್ಲ.

"ಬದುಕಿರೋವರೆಗೂ ನಿನ್ನ ಜೊತೆನಾ? ನೆಟ್ಟಗೆ ಹಲ್ಲು ಮಾಡೋಕೆ ಬರ್ದೆ ನನ್ನ ತಲೆಗೆ ಕಟ್ತೀಯಾ, ಕೆಲಸಗಳ್ಳಿ!" ಎಂದು ಗುಡುಗಿದರು. ಪ್ರತಿ ಅಕ್ಷರವೂ ಸ್ಪಷ್ಟವಾಗಿತ್ತು. ಒಂದು ಹಲ್ಲೂ ಅಲುಗಲಿಲ್ಲ.

ಸೊಸೆ ಬಟ್ಟೆಗಳನ್ನು ಹೊರಕ್ಕೆ ಸುರಿದು, ಸ್ಟೂಲು ಹತ್ತಿ, ಖಾಲಿ ಪೆಟ್ಟಿಗೆಯನ್ನು ಅಟ್ಟದ ಅಂಚಿಗಿಟ್ಟಳು.

"ಇನ್ನೂ ಒಳಕ್ಕೆ ತಳ್ಳು, ದರಿದ್ರದವಳೇ" ಎಂದರು ಅತ್ತೆ ಕೆಳಗಿನಿಂದ, ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು.