ಬಾಗಿದ ಜಾಗ

ಅಯಸ್ಕಾಂತ ಬಿರಿದ ಪೈಪಿಗೆ ಕಚ್ಚಿಕೊಂಡಿತು. ಫಿಟ್ಟರ್ ಅದನ್ನು ಕಿತ್ತು ಮತ್ತೆ ಇಟ್ಟ. ಮತ್ತೆ ಕಚ್ಚಿತು.

"ನೋಡಿ ಭಾವ, ಒಳ್ಳೆ ಸ್ಟೇನ್‌ಲೆಸ್ ಸ್ಟೀಲಿಗೆ ಅಯಸ್ಕಾಂತ ಅಂಟಲ್ಲ. ನಂಗೆ ಇದನ್ನ ಹೇಳ್ಕೊಟ್ಟಿದ್ದೇ ನೀವು."

"ನಾನು ಕೊಟ್ಟಿದ್ದು ಒಳ್ಳೆ ಮಾಲು," ಎಂದರು ಭಾವ. ಅಂಗಡಿಯ ಕುರ್ಚಿಯಿಂದ ಏಳಲೂ ಇಲ್ಲ. ತಪ್ಪು ಮಾಡದವರು ಹೀಗೆ ತಣ್ಣಗೆ ಕೂರುತ್ತಾರೆಯೇ ಎಂದುಕೊಂಡ ಫಿಟ್ಟರ್. ಅವರು ಕೂಗಾಡಿದ್ದರೆ, ತಪ್ಪಿಲ್ಲದಿದ್ದರೆ ಕೂಗಾಟ ಯಾಕೆ ಎನ್ನುತ್ತಿದ್ದ. ಅವನ ಜಾಯಮಾನವೇ ಹಾಗೆ.

ಪೈಪು ಬಿರಿದದ್ದು ಹೈಡ್ರೋಜನ್ ಬಂಕಿನಲ್ಲಿ, ಬಸ್ಸಿಗೆ ಅನಿಲ ತುಂಬುವಾಗ. ಅಲ್ಲಿದ್ದವರು ಕೂದಲೆಳೆಯ ಅಂತರದಲ್ಲಿ ಪಾರಾದರು. ಪೈಪು ಜೋಡಿಸಿದವನು ಫಿಟ್ಟರ್, ಮಾಲು ಕೊಟ್ಟವರು ಅವನ ಅಕ್ಕನ ಗಂಡ. ಬಂಕಿನವರು ವಿಚಾರಿಸಿದಾಗ ಅವನು ಭಾವನ ಕಡೆ ಬೆರಳು ತೋರಿಸಿದ. ಅಂದಿನಿಂದ ಅಂಗಡಿಗೆ ಗಿರಾಕಿಗಳು ಬರುವುದು ನಿಂತಿತು. ಪೈಪನ್ನು ಪರೀಕ್ಷಿಸಲಿರುವ ಲ್ಯಾಬಿನವರೂ ಅದನ್ನೇ ಹೇಳಿಬಿಟ್ಟರೆ ಬಾಗಿಲು ಹಾಕುವುದೊಂದೇ ಬಾಕಿ.

ಅಕ್ಕ ಫೋನ್ ಮಾಡಿದ್ದಳು. "ನಿಂಗೆ ಕೆಲಸ ಕಲಿಸಿದವ್ರು ಕಣೋ ಅವ್ರು."

"ಅದಕ್ಕೇ ಅಕ್ಕ, ಅವ್ರ ಕೈಚಳಕ ನಂಗೆ ಗೊತ್ತಿರೋದು."

ಆಮೇಲೆ ಅವಳು ಅವನ ಫೋನ್ ಎತ್ತಲಿಲ್ಲ.

ಲ್ಯಾಬಿನ ಮೇಡಂ ಬಿರಿದ ಪೈಪಿನ ಜೊತೆ, ಅದನ್ನು ಕತ್ತರಿಸಿದಾಗ ಉಳಿದಿದ್ದ ನೇರ ತುಂಡನ್ನೂ ತರಿಸಿಕೊಂಡಿದ್ದರು. ಲ್ಯಾಬಿಗೆ ಬಂದ ಫಿಟ್ಟರ್‌ಗೆ, ಆ ತುಂಡಿನ ಮೇಲೆ ಅಯಸ್ಕಾಂತ ಇಡಲು ಹೇಳಿದರು. ಅದು ಜಾರಿ ಮೇಜಿನ ಮೇಲೆ ಬಿತ್ತು.

"ಇದು ಬೇರೆ ಮಾಲು. ಭಾವ ಬದಲಾಯಿಸಿರ್ತಾರೆ," ಎಂದ ಫಿಟ್ಟರ್.

"ಇದು ನಿಮ್ಮ ಶೆಡ್ಡಲ್ಲೇ ಇತ್ತಲ್ವ? ತಂದಿದ್ದೂ ನೀವೇ."

ಅವನು ಮೇಡಂ ಮುಖವನ್ನು ದಿಟ್ಟಿಸಿದ. ಭಾವನಿಗೂ ಇವರಿಗೂ ಗುರುತು ಪರಿಚಯ ಇರಬಹುದೇ?

"ಬಂಕಲ್ಲಿ ಹೇಗೆ ಬಗ್ಗಿಸಿದ್ರೋ ಇದನ್ನೂ ಹಾಗೇ ಬಗ್ಗಿಸಿ," ಎಂದರು ಅವರು.

ಬಿಗಿ ಬಾಗು ಅವನ ಹೆಮ್ಮೆ. ಜಾಗ ಇಕ್ಕಟ್ಟಾದಷ್ಟೂ ಹುರುಪು. ದೊಡ್ಡ ಸುತ್ತಿನಲ್ಲಿ ಬಗ್ಗಿಸುವುದು ಕೆಲಸ ಬಾರದವರ ಕೆಲಸ ಎಂದು ಆಡಿಕೊಳ್ಳುತ್ತಿದ್ದ. ತುಂಡನ್ನು ಪೈಪು ಬಗ್ಗಿಸುವ ಯಂತ್ರಕ್ಕೆ ಸಿಕ್ಕಿಸಿ, ಹಿಡಿಯ ಮೇಲೆ ಮೈಭಾರ ಹಾಕಿ, ಕಾಯಿಸದೆಯೇ ಮೊಣಕೈಯಂತೆ ಮಡಿಸಿದ. ಎಲ್ಲೂ ಒಂದು ಸುಕ್ಕಿರಲಿಲ್ಲ.

ಮೇಡಂ ಅಯಸ್ಕಾಂತವನ್ನು ಅವನ ಕೈಗೇ ಕೊಟ್ಟರು. ನೇರ ಭಾಗದಲ್ಲಿ ಅದು ನಿಲ್ಲಲಿಲ್ಲ. ಬಾಗಿದಲ್ಲಿ ಕಚ್ಚಿಕೊಂಡಿತು. ಅವನು ಕಿತ್ತು ಮತ್ತೆ ಇಟ್ಟು ನೋಡಿದ.

"ಸ್ಟೀಲು ಒಳ್ಳೇದೇ," ಎಂದರು ಮೇಡಂ. "ಇಷ್ಟು ಬಿಗಿಯಾಗಿ ಮಡಿಸಿದ್ರೆ ಆ ಜಾಗದಲ್ಲಿ ಅದ್ರ ಗುಣವೇ ಬದಲಾಗುತ್ತೆ, ಗಡಸಾಗುತ್ತೆ. ಹೈಡ್ರೋಜನ್ ಅಲ್ಲಿಗೇ ನುಗ್ಗುತ್ತೆ. ಬಸ್ಸು ಬಂದಾಗೆಲ್ಲ ಒತ್ತಡ ಏರುತ್ತೆ, ಇಳಿಯುತ್ತೆ, ಪೈಪು ದಣಿಯುತ್ತೆ. ಬರೀ ದಣಿವಾಗಿದ್ರೆ ವರ್ಷಗಟ್ಟಲೆ ತಡ್ಕೊಳ್ತಿತ್ತು. ಹೈಡ್ರೋಜನ್ ಸೇರಿದ್ರೆ ಕಣ್ಣಿಗೆ ಕಾಣದ ಬಿರುಕೂ ಬೇಗ ಬೆಳೆದುಬಿಡುತ್ತೆ."

ಫಿಟ್ಟರ್ ತಾನೇ ಮಡಿಸಿದ ಬಾಗನ್ನು ನೋಡಿದ. ತಪ್ಪನ್ನು ಯಾರ ಮೇಲಾದರೂ ಹಾಕೋಣವೆಂದರೆ ಈ ಕೋಣೆಯಲ್ಲಿ ಅವನ ಕೈ ಬಿಟ್ಟರೆ ಇನ್ನಾರದೂ ಪೈಪನ್ನು ಮುಟ್ಟಿರಲಿಲ್ಲ.

"ಇನ್ನೆಲ್ಲಾದ್ರೂ ಹೀಗೆ ಬಗ್ಗಿಸಿದೀರಾ?"

ಬಂಕಿನ ಆಚೆ ಬದಿಯಲ್ಲಿ ತಾನೇ ಜೋಡಿಸಿದ್ದ ಪೈಪಿನ ಸಾಲು ಅವನ ಕಣ್ಣೆದುರು ಬಂತು. ಅಲ್ಲಿ ಜಾಗ ಇನ್ನೂ ಇಕ್ಕಟ್ಟು. ಈ ಹೊತ್ತಿಗೆ ಬಸ್ಸುಗಳು ಅಲ್ಲೇ ನಿಂತಿರುತ್ತವೆ. ಅವನು ಬಂಕಿಗೆ ಫೋನ್ ಮಾಡಿದ.

"ಆಚೆ ಲೈನನ್ನೂ ಈಗ್ಲೇ ಮುಚ್ಚಿ. ಮಾಲಲ್ಲಿ ದೋಷ ಇಲ್ಲ. ಕೆಟ್ಟಿದ್ದು ನಾನು ಬಗ್ಗಿಸಿದ್ದರಿಂದ."

ಮುಚ್ಚಿದೆವು ಎಂಬ ಉತ್ತರ ಬರುವವರೆಗೆ ಫೋನ್ ಇಡಲಿಲ್ಲ. ಆಮೇಲೆ ಭಾವನಿಗೆ ಮಾಡಿದ.

"ಭಾವ, ಬಂಕಿನವ್ರಿಗೆ ಹೇಳಿದೀನಿ. ನಿಮ್ಮ ಮಾಲಲ್ಲಿ ಏನೂ ಇರ್ಲಿಲ್ಲ. ತಪ್ಪು ನಂದೇ. ಎರಡೂ ಸಾಲು ಬಿಚ್ಚಿ ಹಾಕ್ಬೇಕು. ಪೈಪು ಬೇಕಿತ್ತು."

ಆಚೆ ಕಡೆ ಭಾವನ ಕುರ್ಚಿ ಹಿಂದಕ್ಕೆ ಸರಿದ ಸದ್ದು ಕೇಳಿಸಿತು.

"ಎಷ್ಟುದ್ದ?"